ಆತಂಕದ ಹೊತ್ತಲ್ಲಿ ಪ್ರಾರ್ಥನೆಗೆ ಕೂರುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

"ಪ್ರಾರ್ಥನೆ ಮಾಡಿದೆ, ಆದರೂ ಸಮಾಧಾನ ಸಿಗಲಿಲ್ಲ." ಈ ಮಾತನ್ನು ಹೇಳುವವರು ತುಂಬಾ ಜನ. ಅರ್ಧ ಗಂಟೆ ಮೊಣಕಾಲೂರಿ ಎದ್ದಾಗ ಎದೆಬಡಿತ ಮೊದಲಿಗಿಂತ ಜಾಸ್ತಿಯಾಗಿರುತ್ತದೆ. ಅದರ ಬೆನ್ನಿಗೇ ಹೊಸ ಚಿಂತೆಯೊಂದು ಶುರು: ನನ್ನ ನಂಬಿಕೆಯೇ ಸರಿ ಇಲ್ಲವೇನೋ.

ಹೆಚ್ಚಿನ ಸಲ ನಂಬಿಕೆಗೆ ಏನೂ ಆಗಿರುವುದಿಲ್ಲ, ಕ್ರಮ ತಪ್ಪಿರುತ್ತದೆ ಅಷ್ಟೆ. ಕೂತ ಕೂಡಲೇ "ಕರ್ತನೇ, ಈ ಭಯ ತೆಗೆದುಬಿಡು" ಅಂತ ಶುರು ಮಾಡುತ್ತೇವೆ, ಎರಡು ನಿಮಿಷಕ್ಕೊಮ್ಮೆ ಭಯ ಹೋಯಿತಾ ಅಂತ ಒಳಗೆ ಇಣುಕಿ ನೋಡುತ್ತೇವೆ, ಹೋಗಿಲ್ಲ ಅಂತ ಗೊತ್ತಾದಾಗ ಅದೇ ಚಿಂತೆಯನ್ನು ಮೊದಲಿಂದ ಮತ್ತೆ ತಿರುವಿ ಹಾಕುತ್ತೇವೆ. ಕಣ್ಣು ಮುಚ್ಚಿದೆ, ಕೈ ಮುಗಿದಿದೆ, ಒಳಗೆ ಮಾತ್ರ ಚಿಂತೆಯೇ ಓಡುತ್ತಿದೆ. ಅಂಥ ಅರ್ಧ ಗಂಟೆ ಸುಸ್ತು ಮಾಡದೆ ಇನ್ನೇನು ಮಾಡೀತು?

ಕೆಳಗಿನ ಆರು ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಇಪ್ಪತ್ತು ನಿಮಿಷ ಸಾಕು. ಅದಕ್ಕಿಂತ ಜಾಸ್ತಿ ಬೇಡ, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಕೂರುವ ಮೊದಲು ಬೇಕಾದದ್ದು

ಒಂದು ನೋಟ್‌ಬುಕ್, ಪೆನ್ನು, ಅಚ್ಚಾದ ಬೈಬಲ್, ಗೋಡೆಯಲ್ಲೋ ಮೇಜಿನ ಮೇಲೋ ಒಂದು ಗಡಿಯಾರ. ಮೊಬೈಲಿನ ಬೈಬಲ್ ಬೇರೆ ದಿನಕ್ಕೆ ಪರವಾಗಿಲ್ಲ, ಆತಂಕದ ಹೊತ್ತಲ್ಲಿ ಬೇಡ. ವಚನ ಹುಡುಕಲು ಕೈಗೆತ್ತಿಕೊಂಡ ಫೋನಿನಲ್ಲಿ ಹತ್ತು ನಿಮಿಷಕ್ಕೆಲ್ಲ ರೋಗಲಕ್ಷಣ ಹುಡುಕುತ್ತಾ ಕೂತಿರುತ್ತೀರಿ. ಅದನ್ನು ಬೇರೆ ಕೋಣೆಯಲ್ಲಿಡಿ. ಬಾಗಿಲು ಹಾಕಿಕೊಂಡು ಪ್ರಾರ್ಥಿಸಿ ಅಂತ ಯೇಸು ಹೇಳಿದ್ದು (ಮತ್ತಾಯ 6:6) ಜನ ನೋಡಲಿ ಅಂತ ಪ್ರಾರ್ಥಿಸುವವರ ವಿಷಯದಲ್ಲಿ. ಆದರೆ ಮುಚ್ಚಿದ ಬಾಗಿಲು ಇಲ್ಲೂ ಉಪಯೋಗಕ್ಕೆ ಬರುತ್ತದೆ.

ಹಾಸಿಗೆ ಮೇಲೆ ಕೂರಬೇಡಿ. ಮಲಗಿಕೊಂಡು ಶುರು ಮಾಡಿದ ಪ್ರಾರ್ಥನೆ ಒಂದೋ ನಿದ್ದೆಗೆ ಹೋಗುತ್ತದೆ, ಇಲ್ಲವೇ ಹೊರಳಾಟಕ್ಕೆ. ಕುರ್ಚಿ ಸಾಕು. ಮೊಣಕಾಲೂರಿ ರೂಢಿಯಿದ್ದರೆ ಊರಿ, ಆದರೆ ಮಂಡಿ ನೋಯುತ್ತಿದ್ದರೆ ಗಮನವೆಲ್ಲ ಮಂಡಿ ಕಡೆಗೇ ಹೋಗುತ್ತದೆ.

ಬೈಬಲಿನ ಕೀರ್ತನೆಗಳ ಪುಸ್ತಕದಿಂದ ಯಾವ ಕೀರ್ತನೆ ಓದುತ್ತೀರಿ ಅಂತ ನೆಮ್ಮದಿಯಾಗಿರುವ ದಿನವೇ ತೀರ್ಮಾನಿಸಿ, ಆ ಪುಟದಲ್ಲಿ ಗುರುತಿಡಿ. ಗಾಬರಿಯಲ್ಲಿ ಪುಟ ತಿರುವುತ್ತಾ ಕೂರುವುದು ಬೇಡ. ಹಗಲಿಗೆ 13ನೇ ಕೀರ್ತನೆ ಒಳ್ಳೆಯದು, ಅದರಲ್ಲಿ ಇರುವುದೇ ಆರು ವಚನ. ರಾತ್ರಿಗೆ 4 ಅಥವಾ 131.

ಹಂತ 1: ಮೊದಲು ಮೈಯನ್ನು ಕೂರಿಸಿ (3 ನಿಮಿಷ)

ಇದನ್ನು ಬಿಟ್ಟು ಮುಂದೆ ಹೋಗುವವರೇ ಜಾಸ್ತಿ. ಹಲ್ಲು ಕಚ್ಚಿಕೊಂಡು, ಭುಜ ಕಿವಿಯ ತನಕ ಏರಿಸಿಕೊಂಡು ದೇವರ ಜೊತೆ ಮಾತಾಡಲು ಕೂತರೆ ಬಾಯಿಗೆ ಬರುವುದು ಗಾಬರಿಯ ಮಾತೇ. ಆತಂಕದಲ್ಲಿ ಮೈ ಅಪಾಯ ಎದುರಿಸಲು ತಯಾರಾಗಿ ನಿಂತಿರುತ್ತದೆ: ಉಸಿರು ಚಿಕ್ಕದು, ಎದೆಬಡಿತ ಜೋರು, ಅಂಗೈ ತಣ್ಣಗೆ. ಉಸಿರು ಬಿಡುವುದನ್ನು ನಿಧಾನ ಮಾಡಿದರೆ ಎದೆಬಡಿತವೂ ನಿಧಾನವಾಗುತ್ತದೆ. ಇದರಲ್ಲಿ ಪವಾಡವೇನೂ ಇಲ್ಲ, ದೇವರು ಮೈಯನ್ನು ಮಾಡಿಟ್ಟಿರುವುದೇ ಹಾಗೆ.

ಎರಡೂ ಪಾದ ನೆಲಕ್ಕೆ ಊರಿ. ಭುಜ ಇಳಿಸಿ. ನಾಲ್ಕು ಎಣಿಸುವಷ್ಟು ಹೊತ್ತು ಉಸಿರೆಳೆದುಕೊಳ್ಳಿ, ಆರು ಎಣಿಸುವಷ್ಟು ಹೊತ್ತು ಬಿಡಿ. ಒಂದು ನಿಮಿಷದ ಮೇಲೆ ಎಣಿಕೆಯ ಜಾಗದಲ್ಲಿ ಮಾತು ಸೇರಿಸಿ. ಎಳೆದುಕೊಳ್ಳುವಾಗ "ಯೆಹೋವನು ನನಗೆ ಕುರುಬನು", ಬಿಡುವಾಗ "ಕೊರತೆಪಡೆನು". ತಲೆ ಸುತ್ತಿದಂತಾದರೆ ಉಸಿರನ್ನು ಜಾಸ್ತಿ ಎಳೆಯುತ್ತಿದ್ದೀರಿ ಅಂತ ಅರ್ಥ. ಬಿಟ್ಟುಬಿಡಿ, ಮಾಮೂಲಾಗಿ ಉಸಿರಾಡಿ.

ಊಟ ಬಿಟ್ಟಿದ್ದರೆ, ನಿದ್ದೆ ಇಲ್ಲದೆ ಎರಡು ದಿನ ಆಗಿದ್ದರೆ, ಮೊದಲು ಅದನ್ನು ನೋಡಿಕೊಳ್ಳಿ. ಪ್ರವಾದಿ ಎಲೀಯ ಜೀವಕ್ಕೆ ಹೆದರಿ ಅಡವಿಗೆ ಓಡಿ, ಗಿಡದ ಕೆಳಗೆ ಕೂತು, ಸಾವು ಬರಲಿ ಅಂತ ಬೇಡಿದಾಗ (1 ಅರಸುಗಳು 19) ಅವನಿಗೆ ಉಪದೇಶ ಬರಲಿಲ್ಲ. ರೊಟ್ಟಿ ಬಂತು, ನೀರು ಬಂತು. ತಿಂದ, ಮಲಗಿದ, ಎದ್ದು ಮತ್ತೆ ತಿಂದ. ದೇವರು ಅವನೊಡನೆ ಮಾತಾಡಿದ್ದು ಅದಾಗಿ ಎಷ್ಟೋ ದಿನದ ಮೇಲೆ. ಹಸಿದು ಸುಸ್ತಾದವರಿಗೆ ಉಪವಾಸ ಪ್ರಾರ್ಥನೆ ಮಾಡಿ ಅಂತ ಹೇಳುವವರು ಈ ಅಧ್ಯಾಯವನ್ನು ಇನ್ನೊಮ್ಮೆ ಓದಿದರೆ ಒಳ್ಳೆಯದು.

ಹಂತ 2: ಭಯವನ್ನು ಬರೆದು ಎದುರಿಗಿಡಿ (5 ನಿಮಿಷ)

ನೋಟ್‌ಬುಕ್ ಬೇಕಾಗುವುದು ಇಲ್ಲಿ. "ತುಂಬಾ ಟೆನ್ಶನ್" ಅಂತ ಬರೆದರೆ ಉಪಯೋಗವಿಲ್ಲ. "ಆರೋಗ್ಯದ ಚಿಂತೆ" ಅನ್ನುವುದೂ ಸಾಲದು. ಯಾವ ದಿನ, ಯಾವ ವಿಷಯ, ಏನಾಗಬಹುದು ಅಂತ ಹೆದರಿದ್ದೀರಿ, ಅಷ್ಟನ್ನೂ ಬರೆಯಿರಿ. ಒಂದು ಉದಾಹರಣೆ ನೋಡಿ:

ಮೊದಲ ಸಾಲು: "ಆರೋಗ್ಯದ್ದೇ ಚಿಂತೆ."
ಎರಡನೆಯದು: "ಸೋಮವಾರ ರಿಪೋರ್ಟ್ ಬರುತ್ತದೆ. ಕೆಟ್ಟದ್ದೇ ಇರುತ್ತದೆ ಅನ್ನಿಸುತ್ತಿದೆ."
ಮೂರನೆಯದು: "ಕೆಟ್ಟದ್ದು ಬಂದರೆ ಮಗಳಿಗೆ ಹೇಗೆ ಹೇಳಲಿ? ಅವಳ ಮುಖ ನೋಡುವ ಧೈರ್ಯ ನನಗಿಲ್ಲ."

ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಪೆನ್ನು ನಿಧಾನವಾಗುತ್ತದೆ, ಕೆಲವರಿಗೆ ಕಣ್ಣು ತುಂಬುತ್ತದೆ. ಅಲ್ಲಿ ನಿಲ್ಲಿಸಿ. ನಿಜವಾದ ಭಯ ಸಿಕ್ಕಿತು. ರಿಪೋರ್ಟಿನ ಭಯ ಅಂದುಕೊಂಡದ್ದು ಮಗಳ ಭಯವಾಗಿತ್ತು. ಇನ್ನು ಪ್ರಾರ್ಥನೆ ಮಾಡಬೇಕಾದದ್ದು ಅದಕ್ಕೆ.

ಬರೆದ ಹಾಳೆಯನ್ನು ಎದುರಿಗೆ ಬಿಚ್ಚಿಡಿ. ಹಿಜ್ಕೀಯ ಅರಸ ಮಾಡಿದ್ದು ಇದನ್ನೇ. ಅಶ್ಶೂರದ ಅರಸ ಸನ್ಹೇರೀಬನಿಂದ ಬೆದರಿಕೆಯ ಪತ್ರ ಬಂದಾಗ ಅದನ್ನು ಓದಿ, ದೇವಾಲಯಕ್ಕೆ ಹೋಗಿ, ದೇವರ ಮುಂದೆ ಹರಡಿದ (2 ಅರಸುಗಳು 19:14). ಆಮೇಲೆ ಬಾಯಿ ತೆರೆದ.

ಎಚ್ಚರ: ಐದು ನಿಮಿಷಕ್ಕೆ ಬರೆಯುವುದನ್ನು ನಿಲ್ಲಿಸಿ. ಮೂರು ಪುಟ ತುಂಬಿಸಿದರೆ ಚಿಂತೆಗೆ ಇನ್ನಷ್ಟು ಜಾಗ ಕೊಟ್ಟಂತೆ. ಒಂದು ದಿನಕ್ಕೆ ಒಂದು ಭಯ. ಉಳಿದದ್ದಕ್ಕೆ ಇನ್ನೊಂದು ದಿನ.

ಹಂತ 3: ದೂರು ಹೇಳಿ, ಆದರೆ ದೇವರಿಗೆ ಹೇಳಿ (5 ನಿಮಿಷ)

ಈ ಹಂತಕ್ಕೆ ಬಂದಾಗ ಅನೇಕ ವಿಶ್ವಾಸಿಗಳು ಹಿಂಜರಿಯುತ್ತಾರೆ. ದೇವರ ಹತ್ತಿರ ದೂರುವುದಾ, ತಪ್ಪಲ್ವಾ ಅಂತ. 13ನೇ ಕೀರ್ತನೆ ತೆಗೆದು ನೋಡಿ. ಮೊದಲ ಎರಡು ವಚನಗಳಲ್ಲೇ ನಾಲ್ಕು ಸಲ "ಎಷ್ಟರವರೆಗೆ" ಅಂತ ಕೇಳಿದ್ದಾನೆ ದಾವೀದ. ನನ್ನನ್ನು ಮರೆತೇಬಿಟ್ಟೆಯಾ ಅಂತ ಮುಖಕ್ಕೇ ಕೇಳುತ್ತಾನೆ. 88ನೇ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿದುಹೋಗುತ್ತದೆ, ಕೊನೆಗೊಂದು ಸಮಾಧಾನದ ಸಾಲೂ ಇಲ್ಲ. ಅದನ್ನೂ ಪ್ರಾರ್ಥನೆಯಾಗಿಯೇ ಬೈಬಲಿನಲ್ಲಿ ಇಟ್ಟಿದ್ದಾರೆ.

ಚಿಂತೆ ಮತ್ತು ಪ್ರಾರ್ಥನೆ ಬೇರೆಯಾಗುವುದು ಈ ಹಂತದಲ್ಲೇ. ಪತ್ತೆ ಮಾಡಲು ಸುಲಭದ ದಾರಿಯೊಂದಿದೆ. ನಿಮ್ಮ ಮಾತಿನಲ್ಲಿ "ನೀನು" ಎಷ್ಟು ಸಲ ಬರುತ್ತಿದೆ ಅಂತ ಗಮನಿಸಿ. "ಹೀಗಾದರೆ ಏನು ಮಾಡಲಿ, ಹಾಗಾದರೆ ಯಾರಿದ್ದಾರೆ, ಎಲ್ಲಾ ಹಾಳಾಗಿಹೋಯಿತು" ಅಂತ ಓಡುತ್ತಿದ್ದರೆ ನೀವು ನಿಮ್ಮ ಜೊತೆಗೇ ಮಾತಾಡಿಕೊಳ್ಳುತ್ತಿದ್ದೀರಿ. ಅದೇ ಮಾತನ್ನು ತಿರುಗಿಸಿ: "ತಂದೆಯೇ, ಹೀಗಾದರೆ ಏನು ಮಾಡಬೇಕು ಅಂತ ನನಗೆ ಗೊತ್ತಿಲ್ಲ. ನೀನು ಎಲ್ಲಿದ್ದೀ ಅಂತಲೂ ಗೊತ್ತಾಗುತ್ತಿಲ್ಲ. ನೀನು ನೋಡುತ್ತಿದ್ದೀಯಾ?" ವಿಷಯ ಅದೇ, ಈಗ ಕೇಳುವವನೊಬ್ಬ ಇದ್ದಾನೆ.

ಬಾಯಿಬಿಟ್ಟು ಹೇಳುವುದು ಉತ್ತಮ. ಮನಸ್ಸಿನಲ್ಲೇ ಹೇಳಿಕೊಂಡರೆ ಯೋಚನೆ ಬೇರೆ ಕಡೆ ಜಾರುತ್ತದೆ. ಮನೆಯಲ್ಲಿ ಬೇರೆಯವರಿದ್ದರೆ ತುಟಿ ಅಲ್ಲಾಡಿಸಿದರೂ ಸಾಕು. ಮಕ್ಕಳಿಲ್ಲದ ಹನ್ನಳು ಮಗುವಿಗಾಗಿ ಬೇಡಿದಾಗ ಹಾಗೇ ಮಾಡಿದ್ದು. ತುಟಿ ಮಾತ್ರ ಆಡುತ್ತಿತ್ತು, ಸ್ವರವಿಲ್ಲ. ಯಾಜಕ ಏಲಿ ಕುಡಿದಿದ್ದಾಳೆ ಅಂತ ಗದರಿದ. ದುಃಖವನ್ನೆಲ್ಲ ದೇವರ ಮುಂದೆ ಹೊಯ್ದುಕೊಂಡು, ಏಲಿಯಿಂದ ಸಮಾಧಾನದ ಮಾತು ಕೇಳಿ ಎದ್ದು ಹೋದಳು, ಊಟ ಮಾಡಿದಳು, ಆಮೇಲೆ ಅವಳ ಮುಖದಲ್ಲಿ ಆ ದುಃಖ ಇರಲಿಲ್ಲ (1 ಸಮುವೇಲ 1:18). ಮಗು ಇನ್ನೂ ಹೊಟ್ಟೆಯಲ್ಲೂ ಇರಲಿಲ್ಲ ಅನ್ನುವುದನ್ನು ಗಮನಿಸಿ.

ಮಾತೇ ಬರದಿದ್ದರೆ? ಕೀರ್ತನೆಯನ್ನು ನಿಧಾನಕ್ಕೆ ಓದಿ, "ವೈರಿ" ಅಂತ ಬಂದಲ್ಲಿ ನಿಮ್ಮ ಭಯದ ಹೆಸರು ಹಾಕಿ. ಅದೂ ಆಗದಿದ್ದರೆ ಸುಮ್ನೆ ಕೂತಿರಿ. ಹೇಗೆ ಪ್ರಾರ್ಥಿಸಬೇಕೋ ನಮಗೆ ಗೊತ್ತಾಗದಾಗ ಪವಿತ್ರಾತ್ಮನೇ ನಮಗಾಗಿ ಬೇಡುತ್ತಾನೆ ಅಂತ ಪೌಲ ರೋಮಾಪುರದ ಸಭೆಗೆ ಬರೆದಿದ್ದಾನೆ (8:26). ನಿಟ್ಟುಸಿರೂ ಲೆಕ್ಕಕ್ಕೆ ಬರುತ್ತದೆ.

ಹಂತ 4: ಒಂದೇ ಒಂದು ಬೇಡಿಕೆ (2 ನಿಮಿಷ)

ಈಗ ಬೇಡಿ. ಇಷ್ಟು ಹೊತ್ತು ತಡೆದದ್ದು ಇದಕ್ಕೇ. ಮೊದಲೇ ಬೇಡಿದ್ದರೆ "ಭಯ ಹೋಗಲಿ" ಅನ್ನುವುದಷ್ಟೇ ಹೊಳೆಯುತ್ತಿತ್ತು. ಬರೆದು, ಅತ್ತು, ದೂರಿ ಆದ ಮೇಲೆ ಬೇಡಿಕೆ ತಾನಾಗಿ ಚಿಕ್ಕದಾಗುತ್ತದೆ, ಸ್ಪಷ್ಟವಾಗುತ್ತದೆ. ಮೇಲಿನ ಉದಾಹರಣೆಯಲ್ಲಾದರೆ: "ರಿಪೋರ್ಟ್ ಒಳ್ಳೆಯದಿರಲಿ. ಇರದಿದ್ದರೆ ಮಗಳ ಜೊತೆ ಮಾತಾಡುವ ಹೊತ್ತಿಗೆ ನನಗೆ ಮಾತು ಕೊಡು."

ಬೇಕಾದದ್ದನ್ನು ನೇರವಾಗಿ ಕೇಳಿ. ಶುರುವಲ್ಲೇ "ನಿನ್ನ ಚಿತ್ತ" ಅಂದುಬಿಟ್ಟು ಆಸೆಯನ್ನು ಅಡಗಿಸಿಡುವುದು ಭಕ್ತಿಯ ಹಾಗೆ ಕಾಣುತ್ತದೆ, ಆದರೆ ಭಯ ಒಳಗೇ ಉಳಿಯುತ್ತದೆ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆಯಲ್ಲಿ ಯೇಸು ಮೊದಲು ಕೇಳಿದ್ದು ಸಾಧ್ಯವಾದರೆ ಈ ಪಾತ್ರೆ, ಅಂದರೆ ಈ ಸಂಕಟ, ನನ್ನನ್ನು ಬಿಟ್ಟುಹೋಗಲಿ ಅಂತ. ನನ್ನ ಚಿತ್ತದಂತಲ್ಲ, ನಿನ್ನ ಚಿತ್ತದಂತೆ ಅಂದದ್ದು ಅದರ ನಂತರ. ಮೂರನೆಯ ಸಲವೂ ಅದೇ ಮಾತಿನಿಂದ ಪ್ರಾರ್ಥಿಸಿದ (ಮತ್ತಾಯ 26:44). ಹಾಗಾಗಿ ನಿನ್ನೆ ಬೇಡಿದ್ದನ್ನೇ ಇವತ್ತೂ ಬೇಡಲು ಸಂಕೋಚ ಬೇಡ.

ಹಂತ 5: ಸ್ತೋತ್ರ, ಚಿಕ್ಕದಾಗಿ (1 ನಿಮಿಷ)

ಫಿಲಿಪ್ಪಿಯವರಿಗೆ ಬರೆದ ಪತ್ರದ 4:6ರಲ್ಲಿ ಪೌಲ ಬೇಡಿಕೆಯ ಜೊತೆಗೇ ಕೃತಜ್ಞತೆಯನ್ನೂ ಸೇರಿಸಿದ್ದಾನೆ, ಅದೂ ತಾನು ಸೆರೆಯಲ್ಲಿದ್ದಾಗ. ಇವತ್ತು ನಡೆದ ಒಂದು ವಿಷಯಕ್ಕೆ ಸ್ತೋತ್ರ ಹೇಳಿ. ಯಾರೋ ಫೋನ್ ಮಾಡಿ ವಿಚಾರಿಸಿದರು, ಮಧ್ಯಾಹ್ನ ಅರ್ಧ ಗಂಟೆ ನಿದ್ದೆ ಬಂತು. ಅಷ್ಟೇ. ಆತಂಕಕ್ಕೇ ಸ್ತೋತ್ರ ಹೇಳಿ ಅಂತ ಒತ್ತಾಯ ಮಾಡಿಕೊಳ್ಳಬೇಡಿ, ಸುಳ್ಳು ಸ್ತೋತ್ರ ನಿಮಗೇ ಗೊತ್ತಾಗುತ್ತದೆ.

ಹಂತ 6: ಒಪ್ಪಿಸಿ, ಎದ್ದುಬಿಡಿ (4 ನಿಮಿಷ)

ಹಾಳೆಯನ್ನು ಮಡಚಿ. "ಇದು ಈಗ ನಿನ್ನ ಹತ್ತಿರ ಇದೆ" ಅಂತ ಹೇಳಿ, ಬೈಬಲಿನೊಳಗೆ ಇಡಿ. ನಮ್ಮ ಚಿಂತೆಯನ್ನೆಲ್ಲ ಆತನ ಮೇಲೆ ಹಾಕಿ ಅಂತ ಪೇತ್ರ ಬರೆದದ್ದಕ್ಕೆ (1 ಪೇತ್ರ 5:7) ಕೈಗೆ ಇಷ್ಟಾದರೂ ಕೆಲಸ ಕೊಟ್ಟರೆ ಮನಸ್ಸಿಗೆ ಹಿಡಿಯುತ್ತದೆ. "ಪರಲೋಕದಲ್ಲಿರುವ ನಮ್ಮ ತಂದೆಯೇ" ಪ್ರಾರ್ಥನೆ ಪೂರ್ತಿ ಹೇಳಿ. ಆಮೆನ್.

ಆಮೆನ್ ಆದ ಮೇಲೆ ಭಯ ಹೋಯಿತಾ ಅಂತ ತಪಾಸಣೆ ಮಾಡಬೇಡಿ. ಜಾಸ್ತಿ ಜನ ಎಡವುವುದು ಇಲ್ಲೇ. ಭಯ ಹೋಗಲಿಲ್ಲ ಅಂತ ಮತ್ತೆ ಕೂತರೆ ಒಪ್ಪಿಸಿದ್ದನ್ನು ವಾಪಸ್ ತೆಗೆದುಕೊಂಡಂತಾಯಿತು. ಯೇಸು ಗೆತ್ಸೇಮನೆಯಲ್ಲಿ ಎದ್ದಾಗ ಶಿಲುಬೆ ಇನ್ನೂ ಮುಂದೆಯೇ ಇತ್ತು. ಶಿಷ್ಯರನ್ನು ಎಬ್ಬಿಸಿ, ಏಳಿರಿ ಹೋಗೋಣ ಅಂದ. ಸಮಾಧಾನ ಅಂದರೆ ಎದೆಬಡಿತ ನಿಲ್ಲುವುದು ಅಂತ ತಿಳಿದಿರುವವರಿಗೆ ಅದು ಬಂದದ್ದೇ ಗೊತ್ತಾಗುವುದಿಲ್ಲ. ಎಷ್ಟೋ ಸಲ ಭಯ ಅಲ್ಲೇ ಇರುತ್ತದೆ, ನಿಮ್ಮ ಕಾಲು ಮಾತ್ರ ನಡೆಯುತ್ತದೆ.

ಎದ್ದ ಕೂಡಲೇ ಕೈಯಿಂದ ಮಾಡುವ ಒಂದು ಕೆಲಸ ಹಿಡಿಯಿರಿ. ಪಾತ್ರೆ ತೊಳೆಯಿರಿ, ಬಟ್ಟೆ ಮಡಚಿ, ಹತ್ತು ನಿಮಿಷ ನಡೆದು ಬನ್ನಿ. ಭಯಕ್ಕೆ ಸಂಬಂಧಪಟ್ಟ ಕೆಲಸವೇನಾದರೂ ನಿಮ್ಮ ಕೈಯಲ್ಲಿದ್ದರೆ ಅದನ್ನೇ ಮೊದಲು ಮಾಡಿ. ಸಾಲದ ಚಿಂತೆಗೆ ಪ್ರಾರ್ಥಿಸಿ ಎದ್ದವರು ಸಾಲ ಕೊಟ್ಟವರ ಫೋನ್ ಎತ್ತದೆ ಕೂರುವುದು ಸರಿಯಲ್ಲ.

ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ

ಆಗ ಆರು ಹಂತವೂ ಬೇಡ. ಆ ಹೊತ್ತಿನಲ್ಲಿ ನೋಟ್‌ಬುಕ್ ತೆಗೆದರೆ ಬೆಳಗಾಗುತ್ತದೆ. ಒಂದು ಸಾಲಿನ ಪ್ರಾರ್ಥನೆ ಸಾಕು. ಆರ್ಥೊಡಾಕ್ಸ್ ಸಭೆಗಳಲ್ಲಿ ಶತಮಾನಗಳಿಂದ ಹೇಳಿಕೊಂಡು ಬಂದಿರುವ ಯೇಸುವಿನ ಪ್ರಾರ್ಥನೆ ಇದಕ್ಕೆ ಚೆನ್ನಾಗಿ ಹೊಂದುತ್ತದೆ: "ಕರ್ತನಾದ ಯೇಸು ಕ್ರಿಸ್ತನೇ, ದೇವರ ಮಗನೇ, ಪಾಪಿಯಾದ ನನ್ನನ್ನು ಕರುಣಿಸು." ಉಸಿರಿನ ಜೊತೆ ನಿಧಾನವಾಗಿ ಹೇಳಿ. ಕಥೋಲಿಕರಾದರೆ ಜಪಸರ ಕೈಯಲ್ಲಿ ಹಿಡಿದುಕೊಳ್ಳಬಹುದು, ಬೆರಳಿಗೆ ಕೆಲಸ ಇದ್ದರೆ ಮನಸ್ಸು ಅಲೆಯುವುದು ಕಡಿಮೆ. ಅರ್ಧಕ್ಕೇ ನಿದ್ದೆ ಬಂದರೆ ಒಳ್ಳೆಯದೇ, ಮುಗಿಸಲಿಲ್ಲ ಅಂತ ಎದ್ದು ಕೂರಬೇಡಿ. ಇಪ್ಪತ್ತು ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದು ಕುರ್ಚಿಗೆ ಬನ್ನಿ, ಮಂದ ಬೆಳಕಲ್ಲಿ 131ನೇ ಕೀರ್ತನೆ ಓದಿ. ಮೂರೇ ವಚನ.

ಪದೇ ಪದೇ ಆಗುವ ತಪ್ಪುಗಳು

ಹೊತ್ತು ಎಳೆಯುವುದು. ಇಪ್ಪತ್ತು ನಿಮಿಷ ಮೀರಬೇಡಿ ಅಂದದ್ದು ಇದಕ್ಕೇ. ಆತಂಕದಲ್ಲಿರುವವರಿಗೆ ಎರಡು ಗಂಟೆಯ ಪ್ರಾರ್ಥನೆ ಹೆಚ್ಚಾಗಿ ಎರಡು ಗಂಟೆಯ ಚಿಂತೆಯೇ. ಮಾತು ಜಾಸ್ತಿಯಾದರೆ ದೇವರು ಕೇಳುತ್ತಾನೆ ಅಂದುಕೊಳ್ಳಬೇಡಿ ಅಂತ ಯೇಸುವೇ ಹೇಳಿದ್ದಾನೆ (ಮತ್ತಾಯ 6:7). ದಾನಿಯೇಲನ ಹಾಗೆ ದಿನಕ್ಕೆ ಮೂರು ಹೊತ್ತು ಕೂತರೂ ಪರವಾಗಿಲ್ಲ, ಒಂದೊಂದು ಸಲ ಚಿಕ್ಕದಾಗಿರಲಿ.

ಕಣ್ಣು ಮುಚ್ಚಿ ಬೈಬಲ್ ತೆರೆದು, ಬೆರಳಿಟ್ಟ ವಚನವನ್ನು ದೇವರ ಉತ್ತರ ಅಂತ ತಿಳಿಯುವುದು. ಮೊದಲೇ ಹೆದರಿದವರ ಬೆರಳು ಶಾಪದ ವಚನದ ಮೇಲೆ ಬಿದ್ದರೆ ಆ ವಾರವೆಲ್ಲ ಹಾಳು.

ಚೌಕಾಸಿ. "ಇದು ಸರಿಹೋದರೆ ಇಷ್ಟು ಕೊಡುತ್ತೇನೆ, ಇಷ್ಟು ದಿನ ಉಪವಾಸ ಇರುತ್ತೇನೆ" ಅಂತ ಗಾಬರಿಯಲ್ಲಿ ಹರಕೆ ಹೊತ್ತರೆ, ಆಮೇಲೆ ಹರಕೆ ತೀರಿಸುವುದೇ ಹೊಸ ಆತಂಕ. ಹನ್ನಳು ಹರಕೆ ಹೊತ್ತದ್ದು ನಿಜ. ಆದರೆ ನಡುರಾತ್ರಿಯ ದಿಗಿಲಿನಲ್ಲಿ ಬಾಯಿಗೆ ಬಂದದ್ದನ್ನು ಅದರ ಜೊತೆ ಸೇರಿಸಬೇಡಿ.

ಒಬ್ಬರೇ ಹೊರುವುದು. ಯೇಸು ಕೂಡ ಆ ರಾತ್ರಿ ಪೇತ್ರ, ಯಾಕೋಬ, ಯೋಹಾನರನ್ನು ಹತ್ತಿರ ಕರೆದುಕೊಂಡು, ನನ್ನ ಮನಸ್ಸು ಬಹಳ ದುಃಖಪಟ್ಟಿದೆ, ನನ್ನ ಜೊತೆ ಎಚ್ಚರವಾಗಿರಿ ಅಂತ ಕೇಳಿಕೊಂಡ. ಅವರು ನಿದ್ದೆ ಮಾಡಿದರು, ಅದು ಬೇರೆ ಮಾತು. ನೀವೂ ಒಬ್ಬರನ್ನು ಕೇಳಿ: "ಅಕ್ಕ, ಸೋಮವಾರದ ತನಕ ನನಗೋಸ್ಕರ ಪ್ರಾರ್ಥನೆ ಮಾಡ್ತೀರಾ?" ವಿವರ ಎಲ್ಲಾ ಹೇಳಬೇಕಾಗಿಲ್ಲ. ಕೇಳಿದ ಮಾತನ್ನು ಇಡೀ ಸಭೆಗೆ ಹಂಚುವವರನ್ನು ಮಾತ್ರ ಆರಿಸಬೇಡಿ.

ಎಚ್ಚರಿಕೆಯ ಲಕ್ಷಣಗಳು

ಕೆಲವು ಸಂದರ್ಭದಲ್ಲಿ ಈ ಹಂತಗಳಷ್ಟೇ ಸಾಲುವುದಿಲ್ಲ, ಡಾಕ್ಟರೂ ಬೇಕು. ಎರಡು ವಾರದಿಂದ ನಿದ್ದೆ ಊಟ ಸರಿಯಾಗಿಲ್ಲ, ಕೆಲಸಕ್ಕೆ ಹೋಗಲಾಗುತ್ತಿಲ್ಲ, ಮನೆಯಿಂದ ಹೊರಗೆ ಕಾಲಿಡಲು ಭಯ, ಕಾರಣವಿಲ್ಲದೆ ದಿಢೀರನೆ ಉಸಿರು ಕಟ್ಟಿ ಸತ್ತೇ ಹೋಗುತ್ತೇನೆ ಅನ್ನಿಸುತ್ತದೆ: ಇವುಗಳಲ್ಲಿ ಯಾವುದಿದ್ದರೂ ತೋರಿಸಿಕೊಳ್ಳಿ. ಎದೆನೋವು ಮೊದಲ ಸಲ ಬಂದಿದ್ದರೆ ಆತಂಕ ಅಂತ ನೀವೇ ತೀರ್ಮಾನಿಸಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಇನ್ನೊಂದು ಲಕ್ಷಣ ಭಕ್ತಿಯ ವೇಷದಲ್ಲಿ ಬರುತ್ತದೆ, ಹಾಗಾಗಿ ಸಭೆಯಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು ಪದ ತಪ್ಪಿತು ಅಂತ ಪ್ರಾರ್ಥನೆಯನ್ನು ಮೊದಲಿಂದ ಹೇಳುವುದು, ಪ್ರಾರ್ಥಿಸದಿದ್ದರೆ ಮನೆಯವರಿಗೆ ಏನೋ ಆಗುತ್ತದೆ ಅಂತ ಹೆದರಿ ಪ್ರಾರ್ಥಿಸುವುದು, ಅದೇ ಪಾಪವನ್ನು ಎಷ್ಟು ಸಲ ಅರಿಕೆ ಮಾಡಿದರೂ ಕ್ಷಮೆ ಸಿಕ್ಕಿತು ಅನ್ನಿಸದಿರುವುದು. ಇದು ಗೀಳಿನ ಕಾಯಿಲೆ ಇರಬಹುದು, ಚಿಕಿತ್ಸೆ ಇದೆ. ಇಂಥವರಿಗೆ ಇನ್ನೂ ಜಾಸ್ತಿ ಪ್ರಾರ್ಥಿಸಿ ಅಂತ ಹೇಳಿದರೆ ಕಾಯಿಲೆ ಬೆಳೆಯುತ್ತದೆ.

ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಪ್ರಾರ್ಥನೆ ಶುರು ಮಾಡಿದೆ ಅಂತ ನಿಲ್ಲಿಸಬೇಡಿ. "ನಂಬಿಕೆ ಇದ್ದರೆ ಮಾತ್ರೆ ಯಾಕೆ" ಅಂತ ಯಾರೇ ಹೇಳಿದರೂ, ಅವರು ವೇದಿಕೆಯ ಮೇಲಿಂದ ಹೇಳಿದರೂ, ಕೇಳಬೇಡಿ. ಆತಂಕದ ಕೆಲವು ಮಾತ್ರೆಗಳನ್ನು ಒಮ್ಮೆಲೇ ಬಿಟ್ಟರೆ ಅಪಾಯ. ಕಡಿಮೆ ಮಾಡುವುದಿದ್ದರೆ ಕೊಟ್ಟ ಡಾಕ್ಟರೇ ಹೇಳಬೇಕು.

ಸಾಯಬೇಕು ಅನ್ನಿಸುತ್ತಿದ್ದರೆ ಹಂತ ಒಂದರಿಂದ ಶುರು ಮಾಡುತ್ತಾ ಕೂರಬೇಡಿ. ಈಗಲೇ ಪಕ್ಕದ ಕೋಣೆಯವರನ್ನು ಎಬ್ಬಿಸಿ, ಫಾದರ್‌ಗೋ ಪಾಸ್ಟರ್‌ಗೋ ಸ್ನೇಹಿತರಿಗೋ ಫೋನ್ ಮಾಡಿ, "ನನ್ನನ್ನು ಒಬ್ಬಳೇ ಬಿಡಬೇಡಿ", "ನನ್ನನ್ನು ಒಬ್ಬನೇ ಬಿಡಬೇಡಿ" ಅಂತ ಬಾಯಿಬಿಟ್ಟು ಹೇಳಿ, ಅವರನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಿ. ಪ್ರಾರ್ಥನೆಯನ್ನು ದಾರಿಯಲ್ಲಿ ಅವರು ಮಾಡಲಿ.